‘ಅಂತೆ’ ಕಂಡಲ್ಲೆಲ್ಲ ಉಪಮೆಯಲ್ಲ: ಅಲಂಕಾರ ಗುರುತಿಸುವ ಬಗೆ

ಸಾಲಿನಲ್ಲಿ ‘ಅಂತೆ’, ‘ಹಾಗೆ’, ‘ವೋಲ್’ ಕಂಡ ಕೂಡಲೇ ಉಪಮಾಲಂಕಾರ (ಒಂದನ್ನು ಇನ್ನೊಂದಕ್ಕೆ ಹೋಲಿಸುವ ಅಲಂಕಾರ) ಎಂದುಬಿಡುವುದು ಪರೀಕ್ಷೆ ಬರೆಯುವವರಲ್ಲೂ ತಾಳಮದ್ದಳೆಗೆ ಅರ್ಥ ಸಿದ್ಧಮಾಡುವ ಹೊಸಬರಲ್ಲೂ ಕಾಣುವ ತಪ್ಪು. ಮೊದಲು ಉಪಮೆಯ ಅಂಗಗಳನ್ನು ಬಿಡಿಸಿಕೊಳ್ಳಿ.

“ಮಲ್ಪೆಯ ಕಡಲು ಕಂಬಳದ ಕೋಣದಂತೆ ನುಗ್ಗಿ ಬಂತು.” ಇಲ್ಲಿ ಕಡಲು ಉಪಮೇಯ (ವರ್ಣಿಸುವ ವಸ್ತು), ಕೋಣ ಉಪಮಾನ (ಹೋಲಿಕೆಗೆ ತಂದದ್ದು), ‘ಅಂತೆ’ ಉಪಮಾವಾಚಕ, ನುಗ್ಗುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. ಯಾವುದಾದರೂ ಮಾತಿನಲ್ಲಿ ಬಾರದೆ ಊಹೆಗೆ ಸಿಕ್ಕುವಂತಿದ್ದರೆ ಲುಪ್ತೋಪಮೆ.

ಎಡವುವುದು ಇನ್ನು ಮುಂದೆ. “ಮಲ್ಪೆಗೆ ಬಂಗುಡೆ ಬಂದಿದೆಯಂತೆ” ಎಂಬಲ್ಲಿ ‘ಅಂತೆ’ ಬರೀ ಕೇಳಿದ ಸುದ್ದಿ. “ಉಡುಪಿಯಂತೆ ಮಂಗಳೂರಿನಲ್ಲೂ ಮಳೆ” ಎಂಬಲ್ಲಿ ಹೋಲಿಕೆ ಇದೆ, ಅಲಂಕಾರವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಚಮತ್ಕಾರ ಹುಟ್ಟಲಿಲ್ಲ. “ಕಡಲಿನ ಮೇಲೆ ಮುನಿಸಿಕೊಂಡಿವೆಯೋ ಎಂಬಂತೆ ಬೋಟುಗಳು ದಕ್ಕೆಗೆ ಒರಗಿದ್ದವು” ಎಂದರೆ ಉತ್ಪ್ರೇಕ್ಷೆ. ಬೋಟುಗಳು ದಕ್ಕೆಯಲ್ಲಿ, ಅಂದರೆ ಬಂದರುಕಟ್ಟೆಯಲ್ಲಿ, ನಿಂತದ್ದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಿಂದ. ಮುನಿಸು ಕವಿ ಕಲ್ಪಿಸಿದ ಕಾರಣ. ‘ಎಂಬಂತೆ’, ‘ಏನೋ ಎಂಬ ಹಾಗೆ’ ಬಂದರೆ ಇದನ್ನೇ ಮೊದಲು ಪರಿಶೀಲಿಸಿ. ಮಾತಿನಲ್ಲಿ ನಾವು ಉತ್ಪ್ರೇಕ್ಷೆ ಎನ್ನುವ ಮಿತಿಮೀರಿದ ವರ್ಣನೆಗೆ ಶಾಸ್ತ್ರದಲ್ಲಿರುವ ಹೆಸರು ಅತಿಶಯೋಕ್ತಿ.

ವಾಚಕವನ್ನು ಕಿತ್ತು “ಕಡಲೆಂಬ ಕೋಣ” ಎಂದರೆ ಎರಡೂ ಒಂದೇ ಆದವು, ಅದು ರೂಪಕ. ಕಷ್ಟ ಬರುವುದು ಸಮಾಸದಲ್ಲಿ. ‘ಮುಖಕಮಲ’ ಉಪಮೆಯೂ ಆಗಬಹುದು, ರೂಪಕವೂ ಆಗಬಹುದು. ಆಗ ಕ್ರಿಯಾಪದವನ್ನು ನೋಡಿ. “ಮುಖಕಮಲ ಅರಳಿತು”: ಅರಳುವುದು ಕಮಲದ ಕೆಲಸ, ಆದ್ದರಿಂದ ರೂಪಕ. “ಮುಖಕಮಲಕ್ಕೆ ಮುತ್ತಿಟ್ಟಳು”: ಮುತ್ತು ಸಲ್ಲುವುದು ಮುಖಕ್ಕೆ, ಕಮಲದಂಥ ಮುಖ ಎಂದು ಬಿಡಿಸಬೇಕು, ಉಪಮೆ. ಇಷ್ಟು ಉಪಯೋಗದ ಪರೀಕ್ಷೆಯನ್ನು ತರಗತಿಯಲ್ಲಿ ಇನ್ನೂ ಒತ್ತಿ ಹೇಳಿಕೊಡಬೇಕು.

ಎರಡು ಬಿಡಿ ವಾಕ್ಯಗಳು ಅಕ್ಕಪಕ್ಕ ನಿಂತಿದ್ದರೆ ಸಾಮಾನ್ಯ ಮಾತು ಯಾವುದು, ವಿಶೇಷ ಯಾವುದು ಎಂದು ಕೇಳಿ. “ಉಬ್ಬರವಿಲ್ಲದೆ ದೋಣಿ ಅಳಿವೆ ದಾಟದು, ಹಸಿವಿಲ್ಲದೆ ಮಗು ತುತ್ತು ನುಂಗದು”: (ಅಳಿವೆ ಎಂದರೆ ನದಿ ಕಡಲು ಸೇರುವ ಬಾಯಿ) ಎರಡೂ ಒಂದೇ ಮಟ್ಟದ ಮಾತುಗಳು, ಒಂದು ಇನ್ನೊಂದರ ಪ್ರತಿಬಿಂಬ, ದೃಷ್ಟಾಂತ. “ಉಬ್ಬರ ಬಂತು, ದೋಣಿ ಅಳಿವೆ ದಾಟಿತು, ಕಾಲ ಕೂಡಿಬಂದರೆ ಯಾವ ಕೆಲಸವೂ ನಿಲ್ಲದು”: ನಡೆದ ಒಂದು ಸಂಗತಿಯನ್ನು ಲೋಕದ ಮಾತು ಸಮರ್ಥಿಸಿತು, ಅರ್ಥಾಂತರನ್ಯಾಸ. ನಡುವೆ ‘ಹೇಗೋ ಹಾಗೆ’ ಸೇರಿಸಿದರೆ ದೃಷ್ಟಾಂತ ಉಪಮೆಯ ಕಡೆಗೆ ಜಾರುತ್ತದೆ.

ಪದದ ರೂಪವನ್ನೇ ನೆಚ್ಚಿದ ಶಬ್ದಾಲಂಕಾರ ಕಿವಿಗೇ ಸಿಗುತ್ತದೆ. ಒಂದೇ ವ್ಯಂಜನ ಮತ್ತೆ ಮತ್ತೆ ಬಂದರೆ ವೃತ್ತ್ಯನುಪ್ರಾಸ. “ಕರೆ ಕೇಳಿ ಕೋಣಗಳು ಕರೆಗೆ ಇಳಿದವು”: ಮೊದಲನೆಯದು ಕೂಗು, ಎರಡನೆಯದು ಕಂಬಳದ ಓಟದ ಗದ್ದೆ, ಅಕ್ಷರ ಅದೇ, ಅರ್ಥ ಬೇರೆ, ಯಮಕ. “ಕೋಣಗಳು ಕರೆಗೆ ಓಡಿಬಂದವು” ಎಂದು ಒಮ್ಮೆ ಮಾತ್ರ ಹೇಳಿ ಎರಡೂ ಅರ್ಥ ಹೊಂದಿಸಿದರೆ ಶ್ಲೇಷೆ.