ನೂರೈವತ್ತನೇ ದಿನ ಆಷಾಢ ಬಂತು

ನ್ಯೂಜೆರ್ಸಿಯ ಓಕ್ ಟ್ರೀ ರೋಡಿನ ಕಿರಾಣಿ ಅಂಗಡಿಯಲ್ಲಿ ವರ್ಷದ ಮೊದಲಲ್ಲಿ ಪುಕ್ಕಟೆ ಕ್ಯಾಲೆಂಡರ್ ಕೊಡುತ್ತಾರೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುತ್ತೆ. 2024ರಲ್ಲಿ ಅಂಥದ್ದೊಂದನ್ನು ನಮ್ಮ ಬೇಸ್‌ಮೆಂಟಿನ ಒಲೆಯ ಪಕ್ಕ ನೇತು ಹಾಕಿದ್ದೆ. ಒಂದೊಂದು ಚೌಕದಲ್ಲೂ ಪೆನ್ಸಿಲಿನಲ್ಲಿ ಒಂದೊಂದು ನಂಬರ್. 1ರಿಂದ 180ರವರೆಗೆ. ಯಾರಾದರೂ ಬಂದು ನೋಡಿದರೆ ಬಸುರಿ ದಿನ ಎಣಿಸುತ್ತಿದ್ದಾಳೆ ಅಂದುಕೊಳ್ಳಬೇಕು, ಹಾಗಿತ್ತು.

ನಾವು ಎಣಿಸುತ್ತಿದ್ದದ್ದು ವರ್ಕ್ ಪರ್ಮಿಟ್‌ಗೆ. ಅಮೆರಿಕದಲ್ಲಿ ಅಸೈಲಂ, ಅಂದರೆ ಊರಿಗೆ ವಾಪಸ್ ಹೋಗೋಕೆ ಭಯ ಅಂತ ಆಶ್ರಯ, ಕೇಳಿ ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸ ಮಾಡೋ ಹಕ್ಕು ಬರೋದಿಲ್ಲ. ಅಸೈಲಂ ಅರ್ಜಿ, ಅಂದರೆ ಐ-589 ಫಾರಂ, ಇಮಿಗ್ರೇಶನ್‌ನವರ ಕೈ ಸೇರಿ 150 ದಿನ ಕಳೆದ ಮೇಲೆ ವರ್ಕ್ ಪರ್ಮಿಟ್ ಕೇಳೋ ಐ-765 ಅನ್ನೋ ಇನ್ನೊಂದು ಫಾರಂ ಹಾಕಬಹುದು. ಕಾರ್ಡ್ ಕೊಡೋದು 180 ದಿನ ತುಂಬಿದ ಮೇಲೇ. ಅಲ್ಲಿಯವರೆಗೆ ಬಾಡಿಗೆ, ಹಾಲು, ಫೋನ್ ಬಿಲ್ಲು ಎಲ್ಲ ಎಲ್ಲಿಂದ ಅಂತ ಯಾವ ಫಾರಮ್ಮೂ ಕೇಳೋದಿಲ್ಲ.

ನಾವು ಯಾಕೆ ಅರ್ಜಿ ಹಾಕಿದೆವು ಅನ್ನೋದನ್ನ ಇಲ್ಲಿ ಬಿಡಿಸಿ ಹೇಳೋದಿಲ್ಲ. ಕೇಸ್ ಇನ್ನೂ ಬಾಕಿ ಇದೆ. ಜಾತಿ ಬಿಟ್ಟು ಮದುವೆಯಾದೆವು, ಮಂಡ್ಯದ ಕಡೆ ಇಬ್ಬರ ಮನೆಗೂ ಕಾಲಿಡೋ ಹಾಗಿಲ್ಲ ಅನ್ನೋಷ್ಟು ಸಾಕು. 2023ರ ಸೆಪ್ಟೆಂಬರಿನಲ್ಲಿ ವಿಸಿಟರ್ ವೀಸಾದ ಮೇಲೆ ಬಂದೆವು. ಬಂದ ದಿನದಿಂದ ಒಂದು ವರ್ಷದೊಳಗೆ ಅಸೈಲಂ ಅರ್ಜಿ ಹಾಕಬೇಕು ಅನ್ನೋ ನಿಯಮ ಇದೆ. ನಾವು ಅದಕ್ಕೂ ಮೊದಲೇ, ವಿಸಿಟರ್ ಆಗಿ ಇರೋಕೆ ಕೊಟ್ಟ ಆರು ತಿಂಗಳ ಗಡುವು ಮುಗಿಯೋ ಮುಂಚೆಯೇ ಹಾಕಿದೆವು. ದುಡ್ಡು ತಗೊಳ್ಳದೆ ಕೇಸ್ ನೋಡೋ ಒಬ್ಬ ಲಾಯರಮ್ಮ ಸಿಕ್ಕಿದ್ದು ನಮ್ಮ ಪುಣ್ಯ. ಹಾಗೆ ಸಿಗೋದು ಕಷ್ಟ.

ಮೊದಲ ತಪ್ಪು ಮಾಡಿದ್ದು ನಾನೇ. ಲಾಯರಮ್ಮ ಅರ್ಜಿಯನ್ನ ಪೋಸ್ಟಿಗೆ ಹಾಕಿದ್ದು ಫೆಬ್ರವರಿ 6. ನಾನು ಅವತ್ತೇ ಸಂಜೆ ಕೂತು ಮಾರನೇ ದಿನದಿಂದ ನಂಬರ್ ಬರೆದುಬಿಟ್ಟೆ. ಮೂರು ವಾರಕ್ಕೆ ರಸೀದಿ ಬಂತು. ಅದರಲ್ಲಿ ಅರ್ಜಿ ತಲುಪಿದ ದಿನ ಫೆಬ್ರವರಿ 12 ಅಂತಿತ್ತು. ಲೆಕ್ಕ ಶುರುವಾಗೋದು ನಾವು ಕಳಿಸಿದ ದಿನದಿಂದ ಅಲ್ಲ, ಅವರಿಗೆ ತಲುಪಿದ ದಿನದಿಂದ. ಆರು ದಿನ ಹೋಯ್ತು. ರಬ್ಬರ್ ತಗೊಂಡು 180 ನಂಬರನ್ನೂ ಅಳಿಸಿದೆ. ಮೇ ತಿಂಗಳ ಹಾಳೆ ಅಕ್ಷಯ ತೃತೀಯದ ಹತ್ತಿರ ತೂತೇ ಬಿತ್ತು. ಈ ಆರು ದಿನದ ತಪ್ಪು ಗೊತ್ತಾಗದೆ 144ನೇ ದಿನಕ್ಕೇ ಐ-765 ಹಾಕಿದ್ದಿದ್ದರೆ ಅದು ತಿರಸ್ಕಾರ ಆಗಬಹುದಿತ್ತು. ಆದ್ದರಿಂದ ರಸೀದಿ ಕೈಯಲ್ಲಿ ಹಿಡಿದುಕೊಂಡೇ ಎಣಿಸಿ.

ಈ ಎಣಿಕೆಯನ್ನ ಇಲ್ಲಿ ಎಲ್ಲರೂ 'ಕ್ಲಾಕ್' ಅಂತಲೇ ಕರೆಯೋದು. ಅದು ನಿಲ್ಲುತ್ತೆ ಕೂಡ. ನಮ್ಮಿಂದ ತಡವಾದರೆ ನಿಲ್ಲುತ್ತೆ, ಅವರಿಂದ ತಡವಾದರೆ ಇಲ್ಲ. ಬೆರಳಚ್ಚು ಕೊಡೋಕೆ ಕರೆದಾಗ ಹೋಗದಿದ್ದರೆ, ಅಸೈಲಂ ಇಂಟರ್‌ವ್ಯೂ ಮುಂದೂಡಿ ಅಂತ ಕೇಳಿದರೆ, ಕ್ಲಾಕ್ ನಿಂತಿತು ಅಂತಲೇ. ನಮ್ಮ ಪರಿಚಯದ ಪಂಜಾಬಿ ಹುಡುಗನಿಗೆ ಹೀಗೇ ಆಯ್ತು. ಅವನಿಗೆ ಬೇಗನೇ ಇಂಟರ್‌ವ್ಯೂಗೆ ಕರೆ ಬಂತು. ಸಾಕ್ಷಿ ಕಾಗದ ಊರಿಂದ ಬರಲಿ ಅಂತ ದಿನ ಬದಲಾಯಿಸಿಕೊಂಡ. ಹೊಸ ದಿನ ಬರೋವರೆಗೆ ಅವನ ಎಣಿಕೆ ಅಲ್ಲೇ ನಿಂತಿತ್ತು. ಹೊಸದಾಗಿ ಹಾಕಿದವರನ್ನೇ ಮೊದಲು ಕರೆಯೋ ಪದ್ಧತಿ 2018ರಿಂದ ಇರೋದರಿಂದ, ಅರ್ಜಿ ಹಾಕೋ ಹೊತ್ತಿಗೇ ಕಾಗದ ಎಲ್ಲ ಸಿದ್ಧ ಇಟ್ಟುಕೊಳ್ಳೋದು ವಾಸಿ. ಕನ್ನಡದ ಕಾಗದಗಳಿಗಂತೂ ಇಂಗ್ಲಿಷ್ ಅನುವಾದ ಬೇಕೇಬೇಕು, ಅನುವಾದ ಮಾಡಿದವರು ಕೆಳಗೆ 'ನನಗೆ ಎರಡೂ ಭಾಷೆ ಬರುತ್ತೆ, ಇದು ಸರಿಯಾಗಿದೆ' ಅಂತ ಬರೆದು ಸಹಿ ಮಾಡಬೇಕು. ಇಂಟರ್‌ವ್ಯೂಗೆ ಇಂಗ್ಲಿಷ್ ಸಾಲದಿದ್ದರೆ ದುಭಾಷಿಯನ್ನೂ ನಾವೇ ಕರೆದುಕೊಂಡು ಹೋಗಬೇಕು. ಹಿಂದಿಗೆ ಹತ್ತು ಜನ ಸಿಗುತ್ತಾರೆ, ಕನ್ನಡಕ್ಕೆ ಹುಡುಕಾಡಬೇಕು.

ಬೆರಳಚ್ಚಿಗೆ ಕರೆ ಬಂದಿದ್ದು ಮಾರ್ಚಿನಲ್ಲಿ. ಅಲ್ಲಿ ಕೂತಿದ್ದೇವೆ, ಒಬ್ಬಾಕೆ ಬಂದು 'ಫ್ನೂ! ಫ್ನೂ!' ಅಂತ ಕೂಗುತ್ತಿದ್ದಾಳೆ. ಯಾರೂ ಏಳುತ್ತಿಲ್ಲ. ಮೂರನೇ ಸಲಕ್ಕೆ ಗೊತ್ತಾಯ್ತು, ಅದು ನಾನೇ ಅಂತ.

ಇದು ನಮ್ಮ ಕಡೆಯವರಿಗೆ ತಪ್ಪಿದ್ದಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದೇ ಹೆಸರು, ಹಿಂದೆ ಇನಿಶಿಯಲ್. ಆಧಾರ್‌ನಲ್ಲಿ ಇನಿಶಿಯಲ್ಲೂ ಇಲ್ಲ. ಅಮೆರಿಕದ ವೀಸಾದವರಿಗೆ ಎರಡು ಹೆಸರು ಬೇಕೇಬೇಕು. ಇರೋ ಒಂದು ಹೆಸರನ್ನ ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ. 'ಮೊದಲ ಹೆಸರು ಗೊತ್ತಿಲ್ಲ' ಅಂತ ಅದರರ್ಥ. ಇಪ್ಪತ್ತೆಂಟು ವರ್ಷ ಕರೆಸಿಕೊಂಡ ಹೆಸರು ಗೊತ್ತಿಲ್ಲವಂತೆ.

ನಗು ಬರುತ್ತೆ, ಆದರೆ ತಲೆನೋವು ಕೂಡ. ವೀಸಾದಲ್ಲಿ ಒಂದು ತರಹ, ಪಾಸ್‌ಪೋರ್ಟಿನಲ್ಲಿ ಒಂದು ತರಹ. ಐ-765ರಲ್ಲಿ ಯಾವುದನ್ನ ಬರೆಯೋದು? ಲಾಯರಮ್ಮ ಹೇಳಿದ್ದು ಇಷ್ಟು: ಐ-589ರಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಬರೆ. ಉಳಿದ ರೂಪಗಳನ್ನೆಲ್ಲ 'ಬಳಸಿದ ಬೇರೆ ಹೆಸರುಗಳು' ಅನ್ನೋ ಜಾಗದಲ್ಲಿ ಹಾಕು. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಳ್ಳೋ ಆಸೆ ನನಗಿತ್ತು. ಕೇಸ್ ಮುಗಿಯೋವರೆಗೆ ಆ ಆಸೆ ಕಟ್ಟಿಡು ಅಂದರು.

ಕೈಯಲ್ಲಿದ್ದ ದುಡ್ಡು ಮೇ ಹೊತ್ತಿಗೆ ಕರಗಿತ್ತು. ನನ್ನ ಎರಡು ಬಳೆ ಮಾರಿದೆವು. ಹೋಟೆಲ್ ಅಡುಗೆಮನೆಯಲ್ಲಿ ಕ್ಯಾಶ್ ಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ ಅಂತ ಇವರಿಗೆ ಎರಡು ಕಡೆ ಕರೆ ಬಂತು. ಬೇಡ ಅಂದೆವು. ನಾವೇನು ಸತ್ಯಹರಿಶ್ಚಂದ್ರರಲ್ಲ. ಮುಂದೆ ಯಾವುದೋ ಅಧಿಕಾರಿ ಎದುರು ಆಣೆ ಮಾಡಿ ಉತ್ತರ ಹೇಳಬೇಕು ಅನ್ನೋ ಭಯ, ಅಷ್ಟೆ.

150ನೇ ದಿನ ಜುಲೈ 11, ಗುರುವಾರ. ಆಷಾಢ ಶುರುವಾಗಿ ಐದಾರು ದಿನ. ನಾವಿದ್ದ ಮನೆಯ ಅಕ್ಕ ಹಾಸನದವರು. ಮೇಲಿಂದ ಚಪಾತಿ ತಂದುಕೊಟ್ಟು, 'ಶ್ರಾವಣ ಬರಲಿ ತಾಯಿ, ಆಷಾಢದಲ್ಲಿ ಹೊಸ ಕೆಲಸಕ್ಕೆ ಕೈ ಹಾಕ್ತಾರಾ?' ಅಂದರು. ಕ್ಯಾಲೆಂಡರ್ ನೋಡಿದೆ. ಶ್ರಾವಣಕ್ಕೆ ಇನ್ನೂ 25 ದಿನ. 25 ದಿನ ಅಂದರೆ 25 ದಿನದ ಸಂಬಳ. 'ಅಕ್ಕ, ಇದು ಹೊಸ ಕೆಲಸ ಅಲ್ಲ, ಫೆಬ್ರವರಿಯಲ್ಲೇ ಶುರು ಮಾಡಿದ್ದು' ಅಂದೆ. ಅವರಿಗೂ ಒಪ್ಪಿಗೆಯಾಯ್ತು. ಆದರೂ 12ನೇ ತಾರೀಖು ಹಾಕಿದೆವು, ಆಷಾಢಕ್ಕಲ್ಲ, ಎಣಿಕೆಯಲ್ಲಿ ಒಂದು ದಿನ ಆಚೀಚೆ ಆದರೆ ಅನ್ನೋ ಹೆದರಿಕೆಗೆ.

ಆನ್‌ಲೈನಿನಲ್ಲೇ ಹಾಕಿದ್ದು. ಯಾವ ವರ್ಗ ಅನ್ನೋ ಪ್ರಶ್ನೆಗೆ 'ಸಿ8' ಅಂತ ಆರಿಸಬೇಕು. ಅಸೈಲಂ ಸಿಕ್ಕಾದವರದ್ದು 'ಎ5', ಅದು ಬೇರೆ, ಗಡಿಬಿಡಿಯಲ್ಲಿ ಅದನ್ನ ಒತ್ತಬೇಡಿ. ಐ-589ರ ರಸೀದಿ, ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದ ದಾಖಲೆ), ಎರಡಿಂಚು ಚೌಕದ ಫೋಟೋ. ಫೋಟೋದಲ್ಲಿ ಕನ್ನಡಕ ಬೇಡ, ಮೂಗುಬೊಟ್ಟು ಪರವಾಗಿಲ್ಲ. ಗಂಡ-ಹೆಂಡತಿ ಒಂದೇ ಅಸೈಲಂ ಅರ್ಜಿಯಲ್ಲಿದ್ದರೂ ವರ್ಕ್ ಪರ್ಮಿಟ್ಟಿಗೆ ಇಬ್ಬರಿಗೂ ಬೇರೆ ಬೇರೆ ಫಾರಂ. ಇದು ಗೊತ್ತಿಲ್ಲದೆ ಒಬ್ಬರದೇ ಹಾಕಿ ಕಾದವರನ್ನ ನೋಡಿದ್ದೇನೆ.

ಅದೇ ಫಾರಮ್ಮಿನಲ್ಲಿ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಕೂಡ ಕಳಿಸಲಾ ಅಂತ ಕೇಳಿದ್ದರು. ಹೌದು ಅಂದೆ, ಇಲ್ಲದಿದ್ದರೆ ಆಮೇಲೆ ಆಫೀಸಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. ಹೌದು ಅಂದ ಕೂಡಲೇ ಎರಡು ಖಾಲಿ ಜಾಗ ತೆರೆದುಕೊಂಡಿತು. ತಂದೆಯ ಹೆಸರು. ತಾಯಿಯ ಹೆಸರು.

ಉಳಿದಿದ್ದನ್ನೆಲ್ಲ ಹತ್ತು ನಿಮಿಷದಲ್ಲಿ ತುಂಬಿಸಿದವಳು ಅಲ್ಲಿ ನಿಂತೆ. ಐ-589ರ ಹೇಳಿಕೆಯಲ್ಲಿ ಅಪ್ಪನ ಹೆಸರು ಎಷ್ಟೋ ಸಲ ಬಂದಿತ್ತು, ಆದರೆ ಅದನ್ನ ಟೈಪ್ ಮಾಡಿದ್ದು ಲಾಯರಮ್ಮ. ನನ್ನ ಬೆರಳಿಂದ ಬರೆದು ಎರಡು ವರ್ಷ ಆಗಿತ್ತು. ಇವರು ಪಕ್ಕದಲ್ಲೇ ಕೂತಿದ್ದರು, 'ನಾನು ಹೊಡೀಲಾ?' ಅಂದರು. ಬೇಡ ಅಂದೆ. ಒಂದು ಸಲ 'ಎ' ಬದಲು 'ಎಸ್' ಒತ್ತಿ, ಅಳಿಸಿ, ಮತ್ತೆ ಬರೆದೆ. ಅಮ್ಮನ ಹೆಸರು ಬೇಗ ಬಂತು.

ಆಗ ಮೊದಲ ಕಾರ್ಡಿಗೆ ಶುಲ್ಕ ಇರಲಿಲ್ಲ. ಸಬ್‌ಮಿಟ್ ಒತ್ತಿದೆ, ಮುಗೀತು. ಈಗ ಹಾಗಿಲ್ಲ. 2025ರ ಜುಲೈನಲ್ಲಿ ಬಂದ ಕಾನೂನಿನಿಂದ ಮೊದಲ ಕಾರ್ಡಿಗೆ 550 ಡಾಲರ್ ಆಯ್ತು, ನವೀಕರಣಕ್ಕೆ ಮೊದಲಿದ್ದ ಶುಲ್ಕದ ಮೇಲೆ ಇನ್ನೂ 275. ಬಡವರು ಅಂತ ಮಾಫಿ ಕೇಳೋ ದಾರಿಯೂ ಇಲ್ಲ. ಅಸೈಲಂ ಅರ್ಜಿಗೂ 100 ಡಾಲರ್, ಬಾಕಿ ಇರೋವರೆಗೆ ವರ್ಷ ವರ್ಷವೂ 100 ಅಂತ ಆ ಕಾನೂನಿನಲ್ಲಿ ಬರೆದಿದ್ದರು. ದುಡಿಯೋಕೆ ಬಿಡದೆ ಆರು ತಿಂಗಳು ಕೂರಿಸಿ, ದುಡಿಯೋ ಅನುಮತಿಗೆ ಅಷ್ಟು ದುಡ್ಡು ತಾ ಅನ್ನೋದು ನನಗಂತೂ ನ್ಯಾಯ ಅನಿಸೋದಿಲ್ಲ. ಶುಲ್ಕ ಆಮೇಲೂ ಏರಿಳಿಯುತ್ತೆ, ಹಾಕೋ ದಿನ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ದಿನಗಳ ಲೆಕ್ಕವೂ ಅಷ್ಟೆ. 2020ರಲ್ಲಿ ಕಾಯೋ ಅವಧಿಯನ್ನ 365 ದಿನಕ್ಕೆ ಏರಿಸಿದ್ದರು, 2022ರ ಫೆಬ್ರವರಿಯಲ್ಲಿ ಕೋರ್ಟು ಅದನ್ನ ಹೊಡೆದುಹಾಕಿತು. ಹಳೇ ವಿಡಿಯೋ ನೋಡಿ ನಂಬಬೇಡಿ.

ಆಗಸ್ಟ್ 10ಕ್ಕೆ 180 ತುಂಬಿತು. 15ಕ್ಕೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ನನ್ನದು 'ಅಪ್ರೂವ್ಡ್' ಅಂತ ತೋರಿಸಿತು. ಅಕ್ಕ ಮೇಲೆ ಕಳಶಕ್ಕೆ ಸೀರೆ ಉಡಿಸುತ್ತಿದ್ದರು, ಓಡಿಹೋಗಿ ಹೇಳಿದೆ. ಇನ್ನು ಕಾರ್ಡ್ ಪೋಸ್ಟಿನಲ್ಲಿ ಬರಬೇಕು. ಬೇಸ್‌ಮೆಂಟಿನಲ್ಲಿರೋರಿಗೆ ಇಲ್ಲೊಂದು ಗಂಡಾಂತರ. ಪೆಟ್ಟಿಗೆಯ ಮೇಲೆ ನಮ್ಮ ಹೆಸರಿಲ್ಲದಿದ್ದರೆ ಪೋಸ್ಟಿನವರು ವಾಪಸ್ ಕಳಿಸಬಹುದು. ನಾನು ಅವತ್ತೇ ಹೆಸರು ಬರೆದು ಟೇಪ್ ಅಂಟಿಸಿದೆ. ಎಫ್‌ಎನ್‌ಯು ಕೂಡ ಬರೆದೆ. ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ಇಮಿಗ್ರೇಶನ್‌ನವರಿಗೆ ತಿಳಿಸಬೇಕು, ಪೋಸ್ಟಾಫೀಸಿಗೆ ಮಾತ್ರ ಹೇಳಿದರೆ ಸಾಲದು.

ಒಂಬತ್ತನೇ ದಿನ ಕಾರ್ಡ್ ಬಂತು. ಡ್ರೈವಿಂಗ್ ಲೈಸೆನ್ಸ್ ಗಾತ್ರದ್ದು. ವರ್ಗ: ಸಿ08. ಐದು ವರ್ಷದ ಅವಧಿ. ಈಗಿನವರಿಗೆ ಆ ಐದು ವರ್ಷವೂ ಇಲ್ಲ, 2025ರ ಡಿಸೆಂಬರ್ 5ರಿಂದ 18 ತಿಂಗಳಿಗೆ ಇಳಿಸಿದ್ದಾರೆ. ನವೀಕರಣಕ್ಕೆ ಹಾಕಿದರೆ ಹಳೇ ಕಾರ್ಡು ತಾನಾಗೇ ಮುಂದುವರಿಯುತ್ತಿದ್ದದ್ದನ್ನೂ ಅದೇ ವರ್ಷ ಅಕ್ಟೋಬರ್ 30ಕ್ಕೆ ನಿಲ್ಲಿಸಿದರು. ಹಾಗಾಗಿ ಮುಗಿಯೋಕೆ ಆರು ತಿಂಗಳಿರುವಾಗಲೇ ಹಾಕಿಬಿಡಿ. ಇವರ ಕಾರ್ಡ್ ಬಂದಿದ್ದು ಇನ್ನೂ ಹನ್ನೊಂದು ದಿನ ಬಿಟ್ಟು. ಆ ಹನ್ನೊಂದು ದಿನ ಮನೆಯಲ್ಲಿ ದುಡಿಯೋಳು ನಾನು, ಅನ್ನ ಸಾರು ಇವರದ್ದು.

ಮೊದಲ ಕೆಲಸ ಔಷಧಿ ಗೋದಾಮಿನಲ್ಲಿ, ಪ್ಯಾಕಿಂಗ್. ಊರಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿದ್ದೆ, ಇರಲಿ. ಸೇರೋ ದಿನ ಎಚ್‌ಆರ್ ಹುಡುಗಿ, ಕೆಲಸ ಮಾಡೋ ಹಕ್ಕಿದೆಯಾ ಅಂತ ನೋಡೋ ಐ-9 ಫಾರಂ ಮುಂದಿಟ್ಟು ಕಾರ್ಡ್ ನೋಡಿ, 'ಇದು ಸರಿ, ಗ್ರೀನ್ ಕಾರ್ಡೂ ತೋರಿಸಿ' ಅಂದಳು. ಎದೆ ಧಸಕ್ಕೆಂದಿತು. ಆದರೆ ಲಾಯರಮ್ಮ ಮುಂಚೆಯೇ ಹೇಳಿಕೊಟ್ಟಿದ್ದರು. ಐ-9ರ ಪಟ್ಟಿ ಎ-ಯಲ್ಲಿ ಈ ಕಾರ್ಡಿದೆ, ಇದೊಂದೇ ಸಾಕು, ಇಂಥದ್ದೇ ಕಾಗದ ತಾ ಅಂತ ಕೇಳೋ ಹಾಗಿಲ್ಲ. ಆ ಪಟ್ಟಿಯ ಹಾಳೆ ಫಾರಮ್ಮಿನ ಜೊತೆಗೇ ಇತ್ತು. ತಿರುಗಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಓದಿದಳು, 'ಓ, ಸಾರಿ' ಅಂದಳು. ಪಾಪ, ಹೊಸಬಳು.

ಆಮೇಲೆ ಕುತ್ತಿಗೆಗೆ ಹಾಕೋ ಬ್ಯಾಡ್ಜ್ ಪ್ರಿಂಟ್ ಮಾಡಿ ಕೊಟ್ಟಳು. ಮೊದಲ ಹೆಸರು ಮಾತ್ರ, ದಪ್ಪ ಅಕ್ಷರದಲ್ಲಿ: ಎಫ್‌ಎನ್‌ಯು. ಬದಲಾಯಿಸಿಕೊಡ್ತೀರಾ ಅಂತ ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಶಿಫ್ಟ್ ಬೆಲ್ ಹೊಡೆಯಿತು.