ದಾರ ಹಿಡಿದು ಅಮೆರಿಕ ಅಳೆದದ್ದು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದು ವಿಮಾನದ ಟಿಕೆಟ್ ಬುಕಿಂಗ್ ಅಂಗಡಿ. "ಎಲ್ಲಾ ಸ್ಕ್ರೀನಲ್ಲೇ ಬರುತ್ತಲ್ಲ ಮಾರಾಯ, ನಿನಗ್ಯಾಕೆ ಗ್ಲೋಬು, ದಾರ?" ಅಂತ ನಕ್ಕ ಏಜೆಂಟರೇ ಈಗ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಶುರುವಾದದ್ದು ನಷ್ಟದಿಂದ. 2021ರ ಜನವರಿಯಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಶುರುವಾಯಿತಲ್ಲ, ಅದರಲ್ಲಿ ತೀರ್ಥಹಳ್ಳಿ ಕಡೆಯ ದಂಪತಿ ಮಗಳ ಮನೆಯಿಂದ ವಾಪಸ್ ಬರುವವರಿದ್ದರು. ಶನಿವಾರ ರಾತ್ರಿ ಹತ್ತುತ್ತಾರೆ, ಹದಿನೇಳು ಗಂಟೆ, ಭಾನುವಾರ ಮಧ್ಯಾಹ್ನ ದೇವನಹಳ್ಳಿ ಅಂತ ಬೆರಳು ಮಡಚಿ ಲೆಕ್ಕ ಹಾಕಿ ಕಾರು ಕಳಿಸಿದೆ. ಟಿಕೆಟ್ ಮೂಲೆಯ +2, ಅಂದರೆ ಹೊರಟ ತಾರೀಕಿಗೆ ಎರಡು ದಿನ ಕೂಡಿಸಿ ಇಳಿಯುವುದು ಅನ್ನುವ ಗುರುತು, ನೋಡಲೇ ಇಲ್ಲ. ಅವರು ಇಳಿದದ್ದು ಸೋಮವಾರ ನಸುಕಿಗೆ. ಅಲ್ಲಿಯ ಇಲ್ಲಿಯ ಗಡಿಯಾರಗಳ ಹದಿಮೂರೂವರೆ ಗಂಟೆಯ ವ್ಯತ್ಯಾಸ ನುಂಗಿದ್ದು ನನ್ನ ಜೇಬಿನ ಒಂಬತ್ತು ಸಾವಿರ.

ಆಮೇಲೆ ಹಟ ಹಿಡಿಯಿತು. ಮೊದಲು ಶಾಲೆ ಅಟ್ಲಾಸಿನ ಮೇಲೆ ಸ್ಕೇಲ್ ಇಟ್ಟೆ. ಪೆಸಿಫಿಕ್ ಮೇಲಿಂದ ಹದಿನಾರು ಸಾವಿರ ಕಿ.ಮೀ. ದಾಟಿತು, ಶುದ್ಧ ಸುಳ್ಳು. ಚಪ್ಪಟೆ ನಕ್ಷೆ ಬಿಸಾಕಿ ಮೂವತ್ತು ಸೆಂ.ಮೀ. ವ್ಯಾಸದ ಗ್ಲೋಬು ತಂದೆ. ಉಲ್ಲನ್ ದಾರ ಎಳೆದಷ್ಟೂ ಉದ್ದ ಬಂತು. ಹೂ ಕಟ್ಟುವ ಬಾಳೆನಾರು ಸಂಜೆ ಹೊತ್ತಿಗೆ ಒಣಗಿ ಮುರುಟಿತು. ಕೊನೆಗೆ ಟೈಲರ್ ಅಂಗಡಿಯ ಗಟ್ಟಿ ನೂಲು. ಸ್ಟ್ಯಾಂಡಿನ ತಗಡುಪಟ್ಟಿ ಅಡ್ಡ ಬರುತ್ತದೆ, ಗ್ಲೋಬು ಬಿಚ್ಚಿ ಮಡಿಲಲ್ಲಿಟ್ಟುಕೊಳ್ಳಬೇಕು. ಬಿಗಿ ಹಿಡಿದರೆ ದಾರ ತಾನೇ ಜಾರಿ ಚೀನಾ, ಸೈಬೀರಿಯಾ ಹಾದು ಅಲಾಸ್ಕ ಕಡೆಯಿಂದ ಇಳಿಯುತ್ತದೆ. ಉದ್ದ 33 ಸೆಂ.ಮೀ. ಬಂತು; ಸೆಂ.ಮೀ. ಒಂದಕ್ಕೆ ಸುಮಾರು 424 ಕಿ.ಮೀ. ಹಿಡಿದರೆ ಹದಿನಾಲ್ಕು ಸಾವಿರಕ್ಕೆ ಕೂದಲೆಳೆ ಕಡಿಮೆ. ಪೇಪರಿನಲ್ಲಿ ಬಂದಿದ್ದ ಅಂಕಿಯೂ ಅದೇ! ಗಂಟೆಗೆ 850ರಿಂದ ಭಾಗಿಸಿ, ವಿಮಾನ ಮೇಲೇರಿ ಕೆಳಗಿಳಿಯಲು ಅರ್ಧ ಗಂಟೆ ಕೂಡಿದರೆ ಹದಿನೇಳು. ಗಾಳಿಗೆ ಎಷ್ಟು ಕೂಡಬೇಕು, ಕಳೆಯಬೇಕು ಅನ್ನುವುದು ನನ್ನ ಅನ್ನ, ಅದನ್ನು ಬರೆಯುವುದಿಲ್ಲ.

ಕುತೂಹಲಕ್ಕೆ ದಾರವನ್ನು ಉತ್ತರ ಧ್ರುವದ ಮೊಳೆ ಮೇಲೇ ಹಾಯಿಸಿ ನೋಡಿದೆ. ಒಂದು ಸೆಂ.ಮೀ. ಕೂಡ ಹೆಚ್ಚಾಗಲಿಲ್ಲ. ಆ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳು ಧ್ರುವದ ಮೇಲೇ ತಂದದ್ದು ಯಾಕೆ ಗಿಟ್ಟಿತು ಅಂತ ಆಗ ಹೊಳೆಯಿತು.

2023ರ ಆಗಸ್ಟಿನಿಂದ ನಮ್ಮ ಶಿವಮೊಗ್ಗದ ವಿಮಾನ ನಿಲ್ದಾಣ ಸೋಗಾನೆಗೂ ವಿಮಾನ ಬರುತ್ತಿದೆ. ಬೆಂಗಳೂರಿಗೆ ಒಂದು ಗಂಟೆ, ನಿಜ. ಆದರೆ ಮಳೆಗಾಲದ ಮೋಡ ಕವಿದ ದಿನ ಬೇರೆ ಬೇರೆ ಟಿಕೆಟ್ ಜೋಡಿಸಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಇಲ್ಲಿಯದು ತಡವಾಯಿತು, ಅಲ್ಲಿಯದು ಕಾಯಲಿಲ್ಲ. ಈಗ ವಯಸ್ಸಾದವರನ್ನು ಹಿಂದಿನ ದಿನವೇ ಕಾರಿನಲ್ಲಿ ಕಳಿಸುತ್ತೇನೆ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಟ್ರಾಫಿಕ್ ಮುಟ್ಟುವುದೇ ಇಲ್ಲ.

ಆ ನೇರ ವಿಮಾನ ಇದ್ದಾಗ ಒಮ್ಮೆ ಸಾಗರದ ಹಿರಿಯರೊಬ್ಬರಿಗೆ ದಾರ ಹಿಡಿದು ವಿವರಿಸಿದೆ: ಸೋಮವಾರ ಮಧ್ಯಾಹ್ನ ಎರಡಕ್ಕೆ ಹೊರಟರೆ ಅಲ್ಲಿ ಸೋಮವಾರವೇ ಸಂಜೆ ಆರು. ಅವರು ಎಲೆ‌ಅಡಿಕೆ ಒತ್ತರಿಸಿಕೊಂಡು ಕೇಳಿದರು: "ಅಮೆರಿಕಕ್ಕೆ ನಾಲ್ಕೇ ತಾಸಾ? ನಮ್ಮನೆಯಿಂದ ದೇವನಹಳ್ಳಿಗೇ ಎಂಟು ತಾಸು ಬೇಕಲ್ಲೋ ಮಾರಾಯ!"