ಮನೆಯಲ್ಲಿ ಹುಷಾರಿಲ್ಲದಾಗ ಹಾಫ್ ಮ್ಯಾರಥಾನ್ ತಯಾರಿ

ಅಮ್ಮನಿಗೆ ಸ್ಟ್ರೋಕ್ ಆದಾಗ ನಾನು 21.1 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಾಗಿತ್ತು. ಇಂಥ ಸ್ಥಿತಿಯಲ್ಲಿರುವವರಿಗೆ ಹೇಳೋದು ಇಷ್ಟೇ: ವಾರಕ್ಕೆ ಮೂರು ದಿನ ಓಡಿದರೆ ಸಾಕು. ಅದರಲ್ಲಿ ಒಂದು ಉದ್ದದ ಓಟ ಇರಲಿ. ತಪ್ಪಿದ್ದನ್ನು ಮರುದಿನ ಸೇರಿಸಿ ಜಾಸ್ತಿ ಓಡಲು ಹೋಗಬೇಡಿ, ಮೊಣಕಾಲಿಗೆ ಪೆಟ್ಟು. ರಾತ್ರಿ ನಿದ್ದೆಗೆಟ್ಟಿದ್ದರೆ ಅವತ್ತು ಸುಮ್ನೆ ನಡೆಯಿರಿ. ವೇಗ ನೋಡಬೇಡಿ, ಓಡುತ್ತಲೇ ಪೂರ್ತಿ ವಾಕ್ಯ ಮಾತಾಡಲು ಬಂದರೆ ಸರಿ.

ಅಮ್ಮನಿಗೆ ಬೆಳಗಿನ ಮಾತ್ರೆ ಕೊಟ್ಟು, ತಮ್ಮ ಎದ್ದು ಪಕ್ಕದಲ್ಲಿ ಕೂತ ಮೇಲೆಯೇ ನಾನು ಶೂ ಹಾಕುತ್ತಿದ್ದೆ. ಫೋನ್ ಕೈಯಲ್ಲೇ, ರಿಂಗ್ ಜೋರಾಗಿ. ದೂರ ಹೋಗದೆ ಮನೆಯ ಸುತ್ತಲೇ ಸುತ್ತು ಹಾಕಿ. ಕರೆ ಬಂದರೆ ಐದು ನಿಮಿಷದಲ್ಲಿ ವಾಪಸ್ ಬರಬಹುದು, ಮನಸ್ಸಿಗೂ ಧೈರ್ಯ ಅಲ್ವಾ?

ಓಟದ ದಿನ ಐದು ನಿಮಿಷ ಓಡಿ, ಒಂದು ನಿಮಿಷ ನಡೆದು ಮುಗಿಸಿದೆ. ಪದಕವನ್ನು ಅಮ್ಮ ಎಡಗೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.